ಶಾರ್ಕ್ ಹೋದ ಮೇಲಿನ ಕಡಲು

1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಜಿಲ್ಲೆ ಕಡಲ ದಡಕ್ಕೆ ಮುಗಿಯುತ್ತಿರಲಿಲ್ಲ. ಮಂಗಳೂರಿನಿಂದ ನೈಋತ್ಯಕ್ಕೆ ಸುಮಾರು 300 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ಇರುವ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ಹವಳದ ದ್ವೀಪಗಳೂ ಅದೇ ಜಿಲ್ಲೆಗೆ ಸೇರಿದ್ದವು. 1787ರಲ್ಲಿ ಇವು ಕಣ್ಣೂರಿನ ಅರಕ್ಕಲ್ ಮನೆತನದ ಕೈತಪ್ಪಿ ಟಿಪ್ಪು ಸುಲ್ತಾನನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಅವನ್ನು ಕೆನರಾದ ಕಲೆಕ್ಟರರ ಸುಪರ್ದಿಗೆ ಕೊಟ್ಟಿತು. ಮುಂದಿನ ಒಂದೂವರೆ ಶತಮಾನ ದ್ವೀಪದವರು ತಮ್ಮ ಓಡಗಳಲ್ಲಿ ತೆಂಗಿನ ನಾರಿನ ಹುರಿ ತುಂಬಿಕೊಂಡು ಮಂಗಳೂರಿನ ಬಂದರಿಗೆ ಬರುತ್ತಿದ್ದರು. ಹುರಿಯನ್ನು ಸರ್ಕಾರವೇ ಕೊಳ್ಳುತ್ತಿತ್ತು, ಬದಲಿಗೆ ಅಕ್ಕಿ ಕೊಡುತ್ತಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಐದು ದ್ವೀಪಗಳು, ಮಲಬಾರ್ ಜಿಲ್ಲೆಯಲ್ಲಿದ್ದ ಅಗತ್ತಿ, ಕವರತ್ತಿ, ಮಿನಿಕಾಯ್ ಮೊದಲಾದವುಗಳೊಡನೆ ಸೇರಿ, ಇಂದು ಲಕ್ಷದ್ವೀಪ ಎಂದು ಕರೆಯುವ ಕೇಂದ್ರಾಡಳಿತ ಪ್ರದೇಶವಾದವು. ಕನ್ನಡ ನಾಡಿನ ನಕ್ಷೆಯಿಂದಲೂ ನೆನಪಿನಿಂದಲೂ ಅವು ಕಳಚಿಕೊಂಡವು.

ಕಳಚಿಕೊಂಡ ಈ ದ್ವೀಪಗಳಲ್ಲಿ ಕಳೆದ ಕಾಲು ಶತಮಾನದಲ್ಲಿ ಒಂದು ಘಟನೆ ನಡೆದಿದೆ. ಕಡಲಿನ ದೊಡ್ಡ ಬೇಟೆಗಾರ ಪ್ರಾಣಿಗಳು ಇಲ್ಲವಾದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಭಾರತದ ಕಡಲಿನಲ್ಲಿ ಸಿಕ್ಕ ಅತ್ಯಂತ ಸ್ಪಷ್ಟ ಉತ್ತರಗಳಲ್ಲಿ ಅದೂ ಒಂದು. ಅದನ್ನು ಅರ್ಥ ಮಾಡಿಕೊಳ್ಳಲು ಮೊದಲು ಹುಲ್ಲಿನಿಂದ ಶುರು ಮಾಡಬೇಕು.

ನೀರಿನೊಳಗಿನ ಗೋಮಾಳ

ಹವಳದ ದ್ವೀಪದ ಸುತ್ತ ಹವಳದ ದಿಬ್ಬವೊಂದು ಕೋಟೆಯ ಗೋಡೆಯಂತೆ ನಿಂತಿರುತ್ತದೆ. ಅದರ ಒಳಗೆ ಆಳವಿಲ್ಲದ, ತೆರೆಯ ಹೊಡೆತ ತಾಗದ ತಿಳಿನೀರು. ಇದು ಲಗೂನ್. ಲಕ್ಷದ್ವೀಪದ ಅನೇಕ ಲಗೂನ್‌ಗಳ ಮರಳಿನ ನೆಲದಲ್ಲಿ ಕಡಲಹುಲ್ಲು ಬೆಳೆಯುತ್ತಿತ್ತು. ಇದು ಪಾಚಿಯ ಜಾತಿಯದಲ್ಲ. ಬೇರು, ಎಲೆ, ಹೂವು, ಬೀಜ ಎಲ್ಲವೂ ಇರುವ ನಿಜವಾದ ಸಸ್ಯ. ನೆಲದ ಮೇಲಿದ್ದ ಇದರ ಪೂರ್ವಜರು ಕೋಟ್ಯಂತರ ವರ್ಷಗಳ ಹಿಂದೆ ಉಪ್ಪುನೀರಿಗೆ ಇಳಿದರು. ಕಡಲಹುಲ್ಲಿನ ಬೇರು ಮರಳನ್ನು ಕಟ್ಟಿಹಾಕುತ್ತದೆ, ಎಲೆ ನೀರಿನ ಓಟವನ್ನು ತಗ್ಗಿಸುತ್ತದೆ. ಮರಿಮೀನು, ಸಿಗಡಿ, ಏಡಿಗಳು ಅದರ ನಡುವೆ ಅಡಗಿ ಬೆಳೆಯುತ್ತವೆ. ಸತ್ತ ಎಲೆ ಮತ್ತು ಬೇರುಗಳಲ್ಲಿನ ಇಂಗಾಲ ಅಲ್ಲೇ ಮರಳಿನಡಿ ಹೂತು ಉಳಿಯುತ್ತದೆ. ಊರಿಗೆ ಗೋಮಾಳ ಹೇಗೋ ಲಗೂನಿಗೆ ಈ ಹುಲ್ಲು ಹಾಗೆ.

ಈ ಗೋಮಾಳದಲ್ಲಿ ಮೇಯುವ ದೊಡ್ಡ ಪ್ರಾಣಿ ಹಸಿರು ಆಮೆ. ಬೆಳೆದ ಆಮೆ ನೂರು ಕಿಲೋಗ್ರಾಂ ಮೀರಿ ತೂಗುತ್ತದೆ, ದಿನದ ಬಹುಪಾಲು ಮೇಯುವುದರಲ್ಲೇ ಕಳೆಯುತ್ತದೆ. ಲಕ್ಷದ್ವೀಪದವರು ಹಿಂದೆ ಇದನ್ನು ಮುಖ್ಯವಾಗಿ ಎಣ್ಣೆಗಾಗಿ ಹಿಡಿಯುತ್ತಿದ್ದರು. ಆಮೆಯ ಎಣ್ಣೆಯನ್ನು ದೋಣಿಯ ಹಲಗೆಗೆ ಬಳಿದರೆ ಮರ ಉಪ್ಪುನೀರನ್ನು ತಾಳಿಕೊಳ್ಳುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಕಡಲಾಮೆಗಳು ಸೇರಿದವು, ಹಿಡಿಯುವುದು ಕ್ರಮೇಣ ನಿಂತಿತು.

ಆಗ ಈ ಆಮೆಗಳ ಬಗ್ಗೆ ತಿಳಿದದ್ದು ಬಹಳ ಕಡಿಮೆ. 1970ರ ದಶಕದ ಕೊನೆಯಲ್ಲಿ ದೇಶದ ತೀರಗಳನ್ನು ನಡೆದು ಆಮೆಗಳ ಲೆಕ್ಕ ಬರೆದ ಸತೀಶ್ ಭಾಸ್ಕರ್ ಲಕ್ಷದ್ವೀಪಕ್ಕೂ ಬಂದರು. ಹಸಿರು ಆಮೆ ಇಲ್ಲಿ ಮೊಟ್ಟೆಯಿಡುವುದು ಮಳೆಗಾಲದಲ್ಲಿ, ಆಗ ದೋಣಿ ಸಂಚಾರ ಇರುವುದಿಲ್ಲ. ಹಾಗಾಗಿ 1982ರ ಮಳೆಗಾಲದುದ್ದಕ್ಕೂ ಅವರು ಜನವಸತಿ ಇಲ್ಲದ ಸುಹೇಲಿ ದ್ವೀಪದಲ್ಲಿ ಒಬ್ಬರೇ ಉಳಿದರು. ಹೆಂಡತಿಗೆ ಬರೆದ ಕಾಗದಗಳನ್ನು ಬಾಟಲಿಯಲ್ಲಿ ಹಾಕಿ ಸಮುದ್ರಕ್ಕೆ ಎಸೆಯುತ್ತಿದ್ದರು. ಅದರಲ್ಲೊಂದು ಶ್ರೀಲಂಕಾದ ಮೀನುಗಾರನಿಗೆ ಸಿಕ್ಕಿತು, ಅವನು ಅದನ್ನು ಅಂಚೆಗೆ ಹಾಕಿದ, ಅದು ಆಕೆಯನ್ನು ತಲುಪಿತು. ಅಂದಿನ ಸಂರಕ್ಷಣೆಯ ಹಂಬಲ ಎಂಥದ್ದಾಗಿತ್ತು ಎಂಬುದಕ್ಕೆ ಈ ಒಂದು ಸಂಗತಿ ಸಾಕು. ಆಮೆ ಉಳಿಯಬೇಕು ಎಂಬುದೇ ಆಗ ಇದ್ದ ಒಂದೇ ಗುರಿ.

ಆಮೆ ಉಳಿಯಿತು. ಈ ಶತಮಾನದ ಮೊದಲ ದಶಕದಲ್ಲಿ ಅಗತ್ತಿಯ ಲಗೂನಿನಲ್ಲಿ ಹಸಿರು ಆಮೆಗಳು ಅಸಾಮಾನ್ಯ ಸಂಖ್ಯೆಯಲ್ಲಿ ಕಾಣತೊಡಗಿದವು. ಅಲ್ಲಿನ ಮೀನುಗಾರರಿಗೆ ಇದು ಸಂತೋಷದ ಸುದ್ದಿಯಾಗಲಿಲ್ಲ. ಆಮೆಗಳು ಬಲೆ ಹರಿಯುತ್ತವೆ, ಅವು ಬಂದ ಮೇಲೆ ಲಗೂನಿನಲ್ಲಿ ಮೀನು ಕಡಿಮೆಯಾಗಿದೆ ಎಂದು ಅವರು ದೂರಿದರು. ಹುಲ್ಲು ತಿನ್ನುವ ಪ್ರಾಣಿ ಮೀನನ್ನು ಹೇಗೆ ಕಡಿಮೆ ಮಾಡೀತು? ಮೇಲುನೋಟಕ್ಕೆ ಇದು ತಪ್ಪು ತಿಳಿವಳಿಕೆಯ ಹಾಗೆ ಕಾಣುತ್ತದೆ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ರೋಹನ್ ಆರ್ಥರ್, ನಚಿಕೇತ್ ಕೇಳ್ಕರ್, ಸ್ಪೇನಿನ ತೆರೇಸಾ ಅಲ್ಕೊವೆರ್ರೊ ಮತ್ತು ಸಂಗಡಿಗರು ಈ ದೂರನ್ನು ತಳ್ಳಿಹಾಕದೆ ನೀರಿಗಿಳಿದು ಅಳತೆ ಮಾಡಿದರು. 2010 ಮತ್ತು 2013ರಲ್ಲಿ ಪ್ರಕಟವಾದ ಅವರ ಲೇಖನಗಳು ಮೀನುಗಾರರ ಮಾತಿನಲ್ಲಿ ಹುರುಳಿದೆ ಎಂದು ತೋರಿಸಿದವು. ಆಮೆಗಳು ಹುಲ್ಲನ್ನು ಬುಡದವರೆಗೆ ಮೇಯುತ್ತಿದ್ದವು, ಎಲೆ ಗಿಡ್ಡವಾಗಿ ಹುಲ್ಲು ತೆಳುವಾಗಿತ್ತು, ಅದರಲ್ಲಿ ಅಡಗಿ ಬೆಳೆಯುವ ಮೀನುಗಳು ಕಡಿಮೆಯಾಗಿದ್ದವು.

ಅಗತ್ತಿಯಲ್ಲಿ ಮೇವು ಮುಗಿಯುತ್ತ ಬಂದಂತೆ ಆಮೆಗಳು ಬೇರೆ ಲಗೂನ್‌ಗಳಿಗೆ ಹೊರಟವು. ಹಿಂದೆ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಡಮತ್‌ನ ವಿಶಾಲ ಹುಲ್ಲುಗಾವಲೂ ಅವುಗಳ ಹಾದಿಯಲ್ಲಿ ಬಂತು. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗುವ ಈ ಸರಣಿ ಮೇವಿನಿಂದ ದ್ವೀಪಸಮೂಹದುದ್ದಕ್ಕೂ ಕಡಲಹುಲ್ಲು ತನ್ನ ಕೆಲಸ ಮಾಡಲಾಗದ ಸ್ಥಿತಿಗೆ ತಲುಪಿದೆ ಎಂದು ಇದೇ ತಂಡದ 2021ರ ಲೇಖನ ಹೇಳಿತು. ಅವರು ಬಳಸಿದ ಮಾತು ‘ಕಾರ್ಯತಃ ಅಳಿವು’ ಎಂಬರ್ಥದ್ದು. ಅಲ್ಲಲ್ಲಿ ಹುಲ್ಲಿನ ಎಸಳು ಇನ್ನೂ ಇರಬಹುದು, ಮರಳನ್ನು ಹಿಡಿದಿಡುವ, ಮರಿಮೀನನ್ನು ಸಾಕುವ ಹುಲ್ಲುಗಾವಲು ಮಾತ್ರ ಇಲ್ಲ.

ಆಮೆ ಮತ್ತು ಕಡಲಹುಲ್ಲು ಲಕ್ಷಾಂತರ ವರ್ಷ ಒಟ್ಟಿಗೆ ಬಾಳಿವೆ. ಮನುಷ್ಯ ಬೇಟೆ ಶುರು ಮಾಡುವ ಮುನ್ನ ಕಡಲಿನಲ್ಲಿ ಇಂದಿಗಿಂತ ಎಷ್ಟೋ ಹೆಚ್ಚು ಆಮೆಗಳಿದ್ದವು, ಆದರೂ ಹುಲ್ಲು ಮುಗಿದಿರಲಿಲ್ಲ. ಅಂದು ಇದ್ದು ಇಂದು ಇಲ್ಲದ್ದು ಯಾವುದು ಎಂಬುದು ಪ್ರಶ್ನೆ. ಆ ಪ್ರಶ್ನೆಯನ್ನು ಹಾಗೆ ಕೇಳಲು ಕಲಿಸಿದ ಪ್ರಯೋಗ ನಡೆದದ್ದು ಅರವತ್ತು ವರ್ಷಗಳ ಹಿಂದೆ, ಭೂಮಿಯ ಇನ್ನೊಂದು ಬದಿಯಲ್ಲಿ.

ಬಂಡೆಯಿಂದ ಕಿತ್ತೆಸೆದ ನಕ್ಷತ್ರಮೀನು

ಅಮೆರಿಕದ ವಾಷಿಂಗ್ಟನ್ ರಾಜ್ಯದ ವಾಯವ್ಯ ಮೂಲೆಯಲ್ಲಿ ಮಕಾ ಎಂಬ ಮೂಲನಿವಾಸಿಗಳ ನೆಲವಿದೆ. ಅಲ್ಲಿನ ಕೊಲ್ಲಿಯ ಬಂಡೆಗಳ ಮೇಲೆ ಇಳಿತದ ಹೊತ್ತಿನಲ್ಲಿ ಚಿಪ್ಪುಜೀವಿಗಳು, ಪಾಚಿ, ಬಾರ್ನಕಲ್‌ಗಳು ಒತ್ತೊತ್ತಾಗಿ ಕಾಣುತ್ತವೆ. ಅವುಗಳ ನಡುವೆ ಕೆನ್ನೀಲಿ, ಕಿತ್ತಳೆ ಬಣ್ಣದ ದಪ್ಪ ನಕ್ಷತ್ರಮೀನುಗಳು. 1963ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಯುವ ಅಧ್ಯಾಪಕ ರಾಬರ್ಟ್ ಪೇಯ್ನ್ ಇಲ್ಲಿ ಒಂದು ಸರಳ ಕೆಲಸ ಶುರು ಮಾಡಿದರು. ಸುಮಾರು 8 ಮೀಟರ್ ಉದ್ದ, 2 ಮೀಟರ್ ಎತ್ತರದ ಬಂಡೆಯ ಪಟ್ಟಿಯೊಂದನ್ನು ಆರಿಸಿಕೊಂಡು, ಅದರ ಮೇಲಿನ ನಕ್ಷತ್ರಮೀನುಗಳನ್ನೆಲ್ಲ ಹಾರೆಯಿಂದ ಎಬ್ಬಿಸಿ ದೂರಕ್ಕೆ ಎಸೆದರು. ಪಕ್ಕದ ಪಟ್ಟಿಯನ್ನು ಹಾಗೆಯೇ ಬಿಟ್ಟರು. ಮತ್ತೆ ಮತ್ತೆ ಹೋಗಿ, ಹೊಸದಾಗಿ ಬಂದ ನಕ್ಷತ್ರಮೀನುಗಳನ್ನೂ ಕಿತ್ತೆಸೆದರು.

ತಿನ್ನುವವನು ಹೋದರೆ ತಿನ್ನಿಸಿಕೊಳ್ಳುವ ಎಲ್ಲರೂ ಹೆಚ್ಚಬೇಕು ಎಂಬುದು ಸಾಮಾನ್ಯ ಎಣಿಕೆ. ಆದದ್ದು ಬೇರೆ. ನಕ್ಷತ್ರಮೀನಿಗೆ ಪ್ರಿಯವಾದ ಆಹಾರ ಮಸೆಲ್ ಎಂಬ ಕಪ್ಪು ಚಿಪ್ಪುಜೀವಿ, ನಮ್ಮ ಕರಾವಳಿಯ ನೀಲಿಕಲ್ಲಿನ ದಾಯಾದಿ. ಕಾಟ ತಪ್ಪಿದ್ದೇ ಮಸೆಲ್‌ಗಳು ಬಂಡೆಯ ಮೇಲಿಂದ ಕೆಳಕ್ಕೆ ಹಬ್ಬುತ್ತ ಬಂದು ಉಳಿದವರ ಜಾಗವನ್ನೆಲ್ಲ ಆಕ್ರಮಿಸಿದವು. ಮೊದಲು ಅಲ್ಲಿದ್ದ ದೊಡ್ಡ ಜೀವಜಾತಿಗಳು 15. ಪೇಯ್ನ್ 1966ರಲ್ಲಿ ಲೇಖನ ಪ್ರಕಟಿಸುವ ಹೊತ್ತಿಗೆ ಉಳಿದದ್ದು 8. ಪಕ್ಕದ ಪಟ್ಟಿಯಲ್ಲಿ ಏನೂ ಬದಲಾಗಿರಲಿಲ್ಲ. ಬೇಟೆಗಾರ ಬಲಶಾಲಿಯೊಬ್ಬನನ್ನು ಹದ್ದಿನಲ್ಲಿಟ್ಟದ್ದರಿಂದಲೇ ದುರ್ಬಲರಿಗೆ ಜಾಗ ಸಿಕ್ಕಿತ್ತು ಎಂಬುದು ತೀರ್ಮಾನ.

ಇದಕ್ಕೆ ಹೆಸರು ಕೊಟ್ಟದ್ದು 1969ರಲ್ಲಿ. ಕಟ್ಟಡದ ಕಮಾನಿನ ನೆತ್ತಿಯಲ್ಲಿ, ಎರಡೂ ಕಡೆಯ ಕಲ್ಲುಗಳು ಕೂಡುವ ಜಾಗದಲ್ಲಿ ಒಂದು ಬೆಣೆಯಾಕಾರದ ಕಲ್ಲು ಇರುತ್ತದೆ. ಕಮಾನಿನ ಇತರ ಕಲ್ಲುಗಳಿಗಿಂತ ಅದು ದೊಡ್ಡದಲ್ಲ, ಆದರೆ ತೆಗೆದರೆ ಕಮಾನು ನಿಲ್ಲುವುದಿಲ್ಲ. ಇಂಗ್ಲಿಷಿನಲ್ಲಿ ಅದು ಕೀಸ್ಟೋನ್. ಪೇಯ್ನ್ ನಕ್ಷತ್ರಮೀನನ್ನು ಕೀಸ್ಟೋನ್ ಪ್ರಭೇದ ಎಂದರು. ಕನ್ನಡದ ಪಠ್ಯಗಳು ಇದನ್ನು ‘ಪ್ರಮುಖ ಪ್ರಭೇದ’ ಎಂದೋ ‘ಆಧಾರ ಪ್ರಭೇದ’ ಎಂದೋ ಕರೆದದ್ದುಂಟು. ಎರಡರಲ್ಲೂ ಒಂದು ತೊಡಕಿದೆ. ಕಾಡಿಗೆ ಮರ ಪ್ರಮುಖ, ಲಗೂನಿಗೆ ಹುಲ್ಲು ಆಧಾರ, ಆದರೆ ಇವು ಎಲ್ಲೆಡೆ ಹೇರಳವಾಗಿ ಇರುವುದರಿಂದಲೇ ಮುಖ್ಯವಾದವು. ಪೇಯ್ನ್ ಹೇಳಿದ್ದು ಇದಕ್ಕೆ ವಿರುದ್ಧ ಜಾತಿಯ ಮಹತ್ವ: ಸಂಖ್ಯೆಯಲ್ಲಿ ಅಲ್ಪ, ಪರಿಣಾಮದಲ್ಲಿ ಅಪಾರ. ಕಮಾನಿನ ಚಿತ್ರ ಉಳಿಸಿಕೊಳ್ಳುವ ‘ನಡುಗಲ್ಲು’ ಅದಕ್ಕೆ ಹತ್ತಿರದ ಮಾತು.

ರೂಪಕಕ್ಕೂ ಒಂದು ಮಿತಿಯಿದೆ. ಕಮಾನಿನ ಕಲ್ಲು ಯಾವ ಊರಿನಲ್ಲಿದ್ದರೂ ಅದೇ ಕೆಲಸ ಮಾಡುತ್ತದೆ. ಜೀವಿ ಹಾಗಲ್ಲ. ಪೇಯ್ನ್ ಅವರ ಶಿಷ್ಯಪರಂಪರೆಯ ಬ್ರೂಸ್ ಮೆಂಗೆ ಮತ್ತು ಸಂಗಡಿಗರು 1990ರ ದಶಕದಲ್ಲಿ ಆರಿಗನ್ ತೀರದಲ್ಲಿ ಅದೇ ನಕ್ಷತ್ರಮೀನಿನ ಮೇಲೆ ಪ್ರಯೋಗ ನಡೆಸಿದಾಗ, ತೆರೆ ಹೊಡೆಯುವ ಬಂಡೆಗಳಲ್ಲಿ ಅದು ನಡುಗಲ್ಲೇ ಆಗಿತ್ತು, ಮರೆಯಾದ ಶಾಂತ ಜಾಗಗಳಲ್ಲಿ ಹೆಚ್ಚೇನೂ ಪರಿಣಾಮ ಮಾಡಿರಲಿಲ್ಲ. ಹೀಗಾಗಿ ನಡುಗಲ್ಲು ಎಂಬುದು ಪ್ರಾಣಿಯ ಬಿರುದಲ್ಲ, ಒಂದು ಜಾಗದಲ್ಲಿ ಅದು ಮಾಡುವ ಕೆಲಸದ ಹೆಸರು.

ಒಂದು ಬಂಡೆಯ ಮೇಲೆ ನಿಜವಾದದ್ದು ಇಡೀ ತೀರಕ್ಕೂ ನಿಜವೇ? ಇದಕ್ಕೆ ಉತ್ತರ ಸಿಕ್ಕಿದ್ದು ಅಲಾಸ್ಕಾದ ಅಲ್ಯೂಷನ್ ದ್ವೀಪಗಳಲ್ಲಿ. 1741ರಲ್ಲಿ ವಿಟಸ್ ಬೇರಿಂಗ್ ನೇತೃತ್ವದ ರಷ್ಯನ್ ಯಾತ್ರೆಯ ನಂತರ ಅಲ್ಲಿನ ಕಡಲ ನೀರುನಾಯಿಗಳನ್ನು ತುಪ್ಪಳಕ್ಕಾಗಿ ಕೊಲ್ಲುವುದು ಶುರುವಾಯಿತು. 1911ರ ಅಂತಾರಾಷ್ಟ್ರೀಯ ಒಪ್ಪಂದ ಬೇಟೆಯನ್ನು ನಿಲ್ಲಿಸಿದಾಗ ಒಂದೆರಡು ಸಾವಿರ ಮಾತ್ರ ಉಳಿದಿದ್ದವು. ಮುಂದೆ ಕೆಲವು ದ್ವೀಪಗಳಲ್ಲಿ ಅವು ಮತ್ತೆ ತುಂಬಿಕೊಂಡವು, ಕೆಲವು ದ್ವೀಪಗಳಿಗೆ ಮರಳಲೇ ಇಲ್ಲ. ಇತಿಹಾಸವೇ ಪ್ರಯೋಗವನ್ನು ಹೂಡಿಕೊಟ್ಟಿತ್ತು. ಜೇಮ್ಸ್ ಎಸ್ಟಿಸ್ ಎಂಬ ವಿದ್ಯಾರ್ಥಿ ಅಲ್ಲಿ ನೀರುನಾಯಿಯ ಅಧ್ಯಯನಕ್ಕೆ ಇಳಿದಿದ್ದಾಗ ಪೇಯ್ನ್ ಅವರ ಭೇಟಿಯಾಯಿತು. ನೀರುನಾಯಿಗೆ ಕಡಲು ಏನು ಕೊಡುತ್ತದೆ ಎಂದು ನೋಡುವ ಬದಲು ಕಡಲಿಗೆ ನೀರುನಾಯಿ ಏನು ಮಾಡುತ್ತದೆ ಎಂದು ನೋಡು ಎಂಬ ಸಲಹೆ ಸಿಕ್ಕಿತು. 1974ರಲ್ಲಿ ಎಸ್ಟಿಸ್ ಮತ್ತು ಜಾನ್ ಪಾಲ್ಮಿಸಾನೊ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ನೀರುನಾಯಿ ಇರುವ ಅಮ್ಚಿಟ್ಕಾದಲ್ಲಿ ಕೆಲ್ಪ್ ಎಂಬ ದೈತ್ಯ ಪಾಚಿಯ ಕಾಡು ಸೊಂಪಾಗಿತ್ತು. ನೀರುನಾಯಿ ಇಲ್ಲದ ಶೆಮ್ಯಾದಲ್ಲಿ ಕಡಲ ಮುಳ್ಳುಚೆಂಡುಗಳು ನೆಲವನ್ನೆಲ್ಲ ಆವರಿಸಿ ಕೆಲ್ಪನ್ನು ಬೋಳಿಸಿದ್ದವು. ಮುಳ್ಳುಚೆಂಡನ್ನು ತಿನ್ನುವ ನೀರುನಾಯಿ ಇದ್ದರೆ ಕಾಡು, ಇಲ್ಲದಿದ್ದರೆ ಬಯಲು.

ಮೇಲಿನವನಿಂದ ಕೆಳಗಿನವನಿಗೆ, ಅವನಿಂದ ಅದಕ್ಕೂ ಕೆಳಗಿನವನಿಗೆ ಪರಿಣಾಮ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದನ್ನು ತಜ್ಞರು ಇಂದು ಜಲಪಾತಕ್ಕೆ ಹೋಲಿಸುತ್ತಾರೆ. ಕೆಲ್ಪಿನ ಜಾಗದಲ್ಲಿ ಕಡಲಹುಲ್ಲು, ಮುಳ್ಳುಚೆಂಡಿನ ಜಾಗದಲ್ಲಿ ಹಸಿರು ಆಮೆ ಇಟ್ಟು ನೋಡಿದರೆ ಲಕ್ಷದ್ವೀಪದ ಚಿತ್ರ ಬಹುಪಾಲು ಪೂರ್ಣವಾಗುತ್ತದೆ. ಖಾಲಿ ಉಳಿಯುವುದು ಮೇಲಿನ ಮೆಟ್ಟಿಲು.

ಭಯವೂ ಒಂದು ಕೆಲಸ

ಬೆಳೆದ ಹಸಿರು ಆಮೆಯನ್ನು ಕೊಲ್ಲಬಲ್ಲ ಪ್ರಾಣಿಗಳು ಕಡಲಿನಲ್ಲಿ ಬೆರಳೆಣಿಕೆಯಷ್ಟು. ಮುಖ್ಯವಾದದ್ದು ಟೈಗರ್ ಶಾರ್ಕ್. ನಾಲ್ಕು ಮೀಟರ್ ಮೀರಿ ಬೆಳೆಯುವ ಈ ಮೀನಿನ ಹಲ್ಲು ಗರಗಸದಂತೆ ಅಡ್ಡಕ್ಕೆ ಕೊಯ್ಯುತ್ತದೆ, ಆಮೆಯ ಚಿಪ್ಪನ್ನೂ ಬಿಡುವುದಿಲ್ಲ.

ಟೈಗರ್ ಶಾರ್ಕ್ ಇನ್ನೂ ಹೇರಳವಾಗಿರುವ ಕಡಲಹುಲ್ಲಿನ ಪ್ರದೇಶ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ. ಮೈಕೆಲ್ ಹೀಟ್‌ಹೌಸ್ ಮತ್ತು ಸಂಗಡಿಗರು 1997ರಿಂದ ಅಲ್ಲಿ ಅಧ್ಯಯನ ಮಾಡುತ್ತ ಬಂದಿದ್ದಾರೆ. ಅಲ್ಲಿ ಆಮೆಗಳಿವೆ, ಕಡಲಹಸು ಎನ್ನುವ ಡ್ಯೂಗಾಂಗ್‌ಗಳು ಸಾವಿರಗಟ್ಟಲೆ ಇವೆ, ಆದರೂ ಹುಲ್ಲು ಉಳಿದಿದೆ. ಶಾರ್ಕ್‌ಗಳು ಆಮೆಗಳನ್ನು ತಿಂದು ಸಂಖ್ಯೆ ತಗ್ಗಿಸುವುದು ಇದರ ಒಂದು ಭಾಗ ಮಾತ್ರ. ಶಾರ್ಕ್ ಓಡಾಡುವ ಕಾಲದಲ್ಲಿ, ಮೈಕೈ ತುಂಬಿಕೊಂಡ ಆಮೆಗಳು ಒಳ್ಳೆಯ ಮೇವಿರುವ ಅಪಾಯದ ಜಾಗ ಬಿಟ್ಟು ತಪ್ಪಿಸಿಕೊಳ್ಳಲು ಸುಲಭವಾದ ಅಂಚಿನಲ್ಲಿ ಮೇಯುತ್ತವೆ. ಹಸಿದು ಸೊರಗಿದ ಆಮೆ ಮಾತ್ರ ಜೀವದ ಹಂಗು ತೊರೆದು ಒಳಕ್ಕೆ ಹೋಗುತ್ತದೆ. ಡ್ಯೂಗಾಂಗ್‌ಗಳೂ ಹೀಗೆಯೇ ಜಾಗ ಬದಲಿಸುತ್ತವೆ. ಒಂದೇ ಕಡೆ ನಿಂತು ಬುಡದವರೆಗೆ ಮೇಯುವ ಧೈರ್ಯ ಯಾರಿಗೂ ಇಲ್ಲದ್ದರಿಂದ ಹುಲ್ಲಿಗೆ ಚೇತರಿಸಿಕೊಳ್ಳಲು ಬಿಡುವು ಸಿಗುತ್ತದೆ. ಮಲೆನಾಡಿನಲ್ಲಿ ಹುಲಿಯ ಸುಳಿವಿದ್ದರೆ ದನಗಳನ್ನು ಆ ಕಡೆಯ ಬ್ಯಾಣಕ್ಕೆ ಹೊಡೆಯದೆ ಇನ್ನೊಂದು ಕಡೆ ಹೊಡೆಯುವುದುಂಟು. ಬಿಟ್ಟ ಬ್ಯಾಣದಲ್ಲಿ ಹುಲ್ಲು ಬೆಳೆದಿರುತ್ತದೆ. ಅಲ್ಲಿ ಹುಲಿ ಒಂದು ದನವನ್ನೂ ಮುಟ್ಟದೆ ಹುಲ್ಲನ್ನು ಕಾದಿರುತ್ತದೆ.

ಲಕ್ಷದ್ವೀಪದಲ್ಲಿ ಈ ಕಾವಲು ಸಡಿಲಾಗಿತ್ತು. ಪೇಯ್ನ್ ಮಾಡಿದಂತೆ ಅಲ್ಲಿ ಯಾರೂ ಶಾರ್ಕ್‌ಗಳನ್ನು ತೆಗೆದು ಪಕ್ಕದ ಲಗೂನ್ ಜೊತೆ ಹೋಲಿಸಿಲ್ಲ. ಆಮೆಗಳು ಹೆಚ್ಚಿದ್ದಕ್ಕೆ ಕಾನೂನಿನ ರಕ್ಷಣೆ ಒಂದು ಕಾರಣ, ದೊಡ್ಡ ಶಾರ್ಕ್‌ಗಳ ಕೊರತೆ ಇನ್ನೊಂದು ಕಾರಣ ಎಂದು ಎರಡನ್ನೂ ಕೂಡಿಸಿಯೇ ತಜ್ಞರು ಈ ಕುಸಿತವನ್ನು ವಿವರಿಸುತ್ತಾರೆ. ಆಮೆಯ ಇಬ್ಬರು ಶತ್ರುಗಳಲ್ಲಿ ಮನುಷ್ಯ ಕಾನೂನಿಗೆ ಹೆದರಿ ಹಿಂದೆ ಸರಿದ, ಶಾರ್ಕ್ ಮನುಷ್ಯನ ಕೈಯಲ್ಲಿ ಸತ್ತಿತು.

ಶಾರ್ಕ್ ಎಲ್ಲಿಗೆ ಹೋಯಿತು

ಅರಬ್ಬೀ ಸಮುದ್ರದ ಶಾರ್ಕ್ ವ್ಯಾಪಾರ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕರಾಚಿ, ಕಚ್ಛ್ ಮತ್ತು ಪರ್ಷಿಯನ್ ಕೊಲ್ಲಿಯ ಕಡೆಯಿಂದ ಒಣಗಿಸಿದ ಶಾರ್ಕ್ ರೆಕ್ಕೆಗಳು ಮುಂಬೈಗೆ ಬಂದು ಅಲ್ಲಿಂದ ಚೀನಾಕ್ಕೆ ಹೋಗುತ್ತಿದ್ದವು. ಕರಾವಳಿಯುದ್ದಕ್ಕೂ ಶಾರ್ಕಿನ ಎಣ್ಣೆಯನ್ನು ದೋಣಿಗೆ ಬಳಿಯುತ್ತಿದ್ದರು, ಮಾಂಸವನ್ನು ಉಪ್ಪು ಹಾಕಿ ಒಣಗಿಸುತ್ತಿದ್ದರು. ಬಾಣಂತಿಗೆ ಹಾಲು ಹೆಚ್ಚಲೆಂದು ಮರಿಶಾರ್ಕಿನ ಸಾರು ಕೊಡುವುದು ಇಂದಿಗೂ ಕರಾವಳಿಯ ಮನೆಗಳಲ್ಲಿ ಇದೆ. ಕರಾವಳಿ ಕನ್ನಡದ ತಾಟೆ, ಕೊಂಕಣಿಯ ಮೋರಿ, ಮರಾಠಿಯ ಮುಶಿ, ಹೀಗೆ ಪ್ರತಿ ಭಾಷೆಯೂ ತನ್ನದೇ ಹೆಸರು ಇಟ್ಟುಕೊಂಡಷ್ಟು ಹಳೆಯ ಪರಿಚಯ ಇದು.

ಎರಡನೆಯ ಮಹಾಯುದ್ಧದಲ್ಲಿ ನಾರ್ವೆಯಿಂದ ಬರುತ್ತಿದ್ದ ಕಾಡ್ ಮೀನಿನೆಣ್ಣೆ ನಿಂತಾಗ, ‘ಎ’ ಜೀವಸತ್ವಕ್ಕಾಗಿ ಮದ್ರಾಸ್, ಮುಂಬೈ, ತಿರುವಾಂಕೂರು ಸರ್ಕಾರಗಳು ಶಾರ್ಕಿನ ಯಕೃತ್ತಿನ ಎಣ್ಣೆಯ ತಯಾರಿಕೆಗೆ ಕೈಹಾಕಿದವು. ಯುದ್ಧದ ನಂತರ ಕೃತಕ ಜೀವಸತ್ವ ಬಂದು ಆ ಬೇಡಿಕೆ ಇಳಿಯಿತು. ಅಲ್ಲಿಯವರೆಗೂ ಹಾಯಿದೋಣಿ, ಹತ್ತಿ ನೂಲಿನ ಬಲೆಗಳ ಮಿತಿಯೇ ಶಾರ್ಕಿಗೆ ರಕ್ಷಣೆಯಾಗಿತ್ತು.

ಆ ಮಿತಿ ಒಡೆದದ್ದು ಸ್ವಾತಂತ್ರ್ಯದ ನಂತರ. 1952ರ ಒಪ್ಪಂದದಂತೆ ಇಂಡೋ-ನಾರ್ವೇಜಿಯನ್ ಯೋಜನೆ ಕೇರಳದ ನೀಂಡಕರದಲ್ಲಿ ಯಾಂತ್ರಿಕ ದೋಣಿಗಳನ್ನು ತಂದಿತು, 1960ರ ದಶಕದಲ್ಲಿ ಕಾರವಾರಕ್ಕೂ ಬಂತು. ನೈಲಾನ್ ಬಲೆ, ಟ್ರಾಲರ್, ಮಂಜುಗಡ್ಡೆಯ ಕಾರ್ಖಾನೆ ಒಂದರ ಹಿಂದೊಂದು ಬಂದವು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ರಂಪಣಿಯನ್ನು ಕೆಲವೇ ವರ್ಷಗಳಲ್ಲಿ ಮೂಲೆಗೆ ತಳ್ಳಿತು. ಊರವರೆಲ್ಲ ಸೇರಿ ದಡಕ್ಕೆ ಎಳೆಯುತ್ತಿದ್ದ ಬಲೆಯ ಕತೆಯನ್ನು ಕರಾವಳಿ ಮರೆತಿಲ್ಲ. ಶಾರ್ಕಿನ ಕತೆಗೆ ಹಾಗೆ ನೆನಪಿಡುವವರಿರಲಿಲ್ಲ. ರೆಕ್ಕೆಗೆ ಪೂರ್ವ ಏಷ್ಯಾದ ಬೆಲೆ ಏರುತ್ತ ಹೋದಂತೆ ಕನ್ಯಾಕುಮಾರಿ ಜಿಲ್ಲೆಯ ತೂತ್ತೂರು ಕಡೆಯ ಆಳಕಡಲ ಮೀನುಗಾರರು ಸಾವಿರ ಕೊಕ್ಕೆಗಳ ಉದ್ದಗಾಳಗಳೊಡನೆ ಅರಬ್ಬೀ ಸಮುದ್ರದುದ್ದಕ್ಕೂ, ಲಕ್ಷದ್ವೀಪದ ಸುತ್ತಲೂ ಶಾರ್ಕ್ ಹಿಡಿದರು. ಅವರಿಗೆ ಅದು ಜೀವನೋಪಾಯ. ಅಪಾಯದ, ಹೆಮ್ಮೆಯ ಕಸುಬು. ಬೇರೆ ಬಲೆಗಳಿಗೆ ಶಾರ್ಕ್ ತಾನಾಗಿ ಬಂದು ಬೀಳುವುದಂತೂ ಇದ್ದೇ ಇತ್ತು.

ಬಂಗುಡೆ, ಬೂತಾಯಿಗಳು ಒಂದೆರಡು ವರ್ಷದಲ್ಲೇ ಬೆಳೆದು ಸಾವಿರಗಟ್ಟಲೆ ಮೊಟ್ಟೆಯಿಡುತ್ತವೆ, ಒಳ್ಳೆಯ ಮಳೆಗಾಲ ಬಂದರೆ ನಷ್ಟ ತುಂಬಿಕೊಳ್ಳುತ್ತವೆ. ದೊಡ್ಡ ಶಾರ್ಕಿನ ಸಂತಾನಕ್ರಮ ಮೀನಿನದಕ್ಕಿಂತ ಆನೆಯದಕ್ಕೆ ಹತ್ತಿರ. ಬುಲ್ ಶಾರ್ಕ್ ಸುಮಾರು ಹತ್ತು ಹನ್ನೊಂದು ತಿಂಗಳು ಗರ್ಭ ಹೊತ್ತು ಬೆರಳೆಣಿಕೆಯ ಮರಿಗಳನ್ನು ಹೆರುತ್ತದೆ, ಆ ಮರಿಗಳು ದೊಡ್ಡವಾಗಲು ಹಲವು ವರ್ಷ ಬೇಕು. ಇಂಥ ಪ್ರಾಣಿಯನ್ನು ಬಂಗುಡೆಯ ವೇಗದಲ್ಲಿ ಹಿಡಿದರೆ ಅದು ತಾಳುವುದಿಲ್ಲ.

ಕಾನೂನು ತಡವಾಗಿ ಬಂತು, ಬಂದದ್ದೂ ಎಡವುತ್ತ ಬಂತು. 2001ರ ಮೇ ತಿಂಗಳಲ್ಲಿ ತಿಮಿಂಗಿಲ ಶಾರ್ಕಿಗೆ ರಕ್ಷಣೆ ಸಿಕ್ಕಿತು. ಜುಲೈನಲ್ಲಿ ಎಲ್ಲ ಶಾರ್ಕ್, ತೊರಕೆಗಳನ್ನೂ ಒಮ್ಮೆಗೇ ಮೊದಲ ಅನುಸೂಚಿಗೆ ಸೇರಿಸಲಾಯಿತು. ಮೀನುಗಾರರ ವಿರೋಧ ಎದ್ದಿತು, ಡಿಸೆಂಬರ್ ಹೊತ್ತಿಗೆ ಪಟ್ಟಿ ಹತ್ತು ಜಾತಿಗಳಿಗೆ ಇಳಿಯಿತು. ಟೈಗರ್ ಶಾರ್ಕ್, 2001ರ ಆ ಹತ್ತರಲ್ಲಿ ಇರಲಿಲ್ಲ. 2013ರಲ್ಲಿ ರೆಕ್ಕೆ ಕತ್ತರಿಸಿ ದೇಹವನ್ನು ಕಡಲಿಗೆ ಎಸೆಯುವುದನ್ನು ನಿಷೇಧಿಸಲಾಯಿತು, 2015ರಲ್ಲಿ ರೆಕ್ಕೆಯ ರಫ್ತನ್ನು ನಿಲ್ಲಿಸಲಾಯಿತು. ಆಮೆಗೆ 1970ರ ದಶಕದಲ್ಲೇ ಸಿಕ್ಕ ಆಶ್ರಯ ಅದರ ಬೇಟೆಗಾರನಿಗೆ ನಾಲ್ಕು ದಶಕದ ನಂತರವೂ ಅರೆಬರೆ. ಲಕ್ಷದ್ವೀಪದ ಹುಲ್ಲು ಅಳಿದದ್ದು ಈ ಅಂತರದಲ್ಲಿ.

ಖಾಡಿಯ ಲೆಕ್ಕ

ಹಾಗಿದ್ದರೆ ಮೀನುಮಾರುಕಟ್ಟೆಯಲ್ಲಿ ಇಂದಿಗೂ ಶಾರ್ಕ್ ಸಿಗುವುದು ಹೇಗೆ? ಇದಕ್ಕೆ ಉತ್ತರ, ಒಂದು ಕಾಲದಲ್ಲಿ ರೆಕ್ಕೆ ವ್ಯಾಪಾರದ ಕೇಂದ್ರವಾಗಿದ್ದ ಮುಂಬೈ ಮತ್ತು ಠಾಣೆಯ ನೀರಿನಲ್ಲೇ ಇದೆ. ಇಲ್ಲಿನ ಮಾರುಕಟ್ಟೆಯ ಮುಶಿ ಹೆಚ್ಚಾಗಿ ಸಲಿಕೆಯಂಥ ಮೂತಿಯ, ಮುಕ್ಕಾಲು ಮೀಟರನ್ನೂ ಮುಟ್ಟದ ಸಣ್ಣ ಶಾರ್ಕ್. ಅದು ಬೇಗ ಬೆಳೆಯುತ್ತದೆ, ಬೇಗ ಮರಿ ಹಾಕುತ್ತದೆ, ಸಿಗಡಿ ಮತ್ತು ಸಣ್ಣ ಮೀನು ತಿನ್ನುತ್ತದೆ. ಆದ್ದರಿಂದಲೇ ಬಲೆಗಳ ನಡುವೆಯೂ ಉಳಿದಿದೆ. ಆದರೆ ಯಾವ ಆಮೆಯೂ ಅದಕ್ಕೆ ಹೆದರಿ ಹುಲ್ಲು ಬಿಡುವುದಿಲ್ಲ. ಅದರ ಪಕ್ಕದಲ್ಲಿ ಬೇರೆ ದೊಡ್ಡ ಜಾತಿಗಳು ಕಂಡರೂ ಬಹಳಷ್ಟು ಮರಿಗಳೇ. ಮಾರುಕಟ್ಟೆಯಲ್ಲಿ ಶಾರ್ಕ್ ಎಂಬ ಹೆಸರು ಉಳಿದಿದೆ, ಕಡಲಿನಲ್ಲಿ ಅದು ಮಾಡುತ್ತಿದ್ದ ಕೆಲಸ ಉಳಿದಿಲ್ಲ.

ದೊಡ್ಡ ಶಾರ್ಕಿಗೂ ಈ ತೀರದ ಅಳಿವೆಗಳಿಗೂ ನೇರ ನಂಟಿದೆ. ಬುಲ್ ಶಾರ್ಕ್ ಉಪ್ಪುನೀರು, ಸಿಹಿನೀರು ಎರಡರಲ್ಲೂ ಬದುಕಬಲ್ಲದು. ಅದು ಅಳಿವೆಗಳಲ್ಲಿ ಮರಿ ಹಾಕುತ್ತದೆ, ಮರಿಗಳು ನದಿಯ ಮೇಲಕ್ಕೆ ಈಜಿ ಅಲ್ಲಿ ಬೆಳೆಯುತ್ತವೆ. 2022ರ ಫೆಬ್ರುವರಿಯಲ್ಲಿ, 2014ರ ತನಕ ಠಾಣೆ ಜಿಲ್ಲೆಯ ಭಾಗವಾಗಿದ್ದ ಪಾಲಘರದ ಮನೋರ್ ಬಳಿ, ವೈತರಣಾ ನದಿಯಲ್ಲಿ ಮೀನುಗಾರನೊಬ್ಬನ ಕಾಲಿಗೆ ಬುಲ್ ಶಾರ್ಕ್ ಕಚ್ಚಿದಾಗ ಜನ ಬೆಚ್ಚಿಬಿದ್ದರು. ನದಿಯಲ್ಲಿ ಶಾರ್ಕ್ ಎಂಬುದೇ ಸುದ್ದಿಯಾಯಿತು. ಅಳಿವೆ ಈ ಪ್ರಾಣಿಗೆ ಬಾಣಂತಿಕೋಣೆ ಎಂಬ ತಿಳಿವಳಿಕೆ ಜನರ ನೆನಪಿನಿಂದ ಎಷ್ಟು ಅಳಿಸಿಹೋಗಿದೆ ಎಂಬುದನ್ನೂ ಆ ಬೆರಗು ಹೇಳುತ್ತಿತ್ತು.

ವೈತರಣೆಯ ದಕ್ಷಿಣಕ್ಕೆ ಉಲ್ಹಾಸ್ ನದಿ, ಅದಕ್ಕೆ ಅಂಟಿಕೊಂಡಂತೆ ಠಾಣೆ ಖಾಡಿ. ಮಾಜಿವಾಡಾದಲ್ಲಿ ನಾಸಿಕದ ಹೆದ್ದಾರಿ, ಘೋಡ್‌ಬಂದರ್ ರಸ್ತೆ ಮತ್ತು ಮುಂಬೈ ಕಡೆಯ ಹೆದ್ದಾರಿ ಕೂಡುವ ಜಂಕ್ಷನ್ನಿನಿಂದ ಮೂಡಲಿಗೆ ಸ್ವಲ್ಪ ದೂರ ಹೋದರೆ ಕಾಂಡ್ಲಾ ಗಿಡಗಳು, ಕೆಸರು, ಉಪ್ಪುನೀರು. ಡೊಂಬಿವಲಿ, ಕಲ್ಯಾಣಗಳ ಸಾವಿರಾರು ಕನ್ನಡಿಗರು ದಿನಾ ರೈಲಿನಲ್ಲಿ ದಾಟುವ ನೀರು ಇದು. 1960ರ ದಶಕದಿಂದ ಠಾಣೆ-ಬೇಲಾಪುರ ಪಟ್ಟಿಯ ಕಾರ್ಖಾನೆಗಳೂ ಸುತ್ತ ಬೆಳೆದ ನಗರಗಳ ಚರಂಡಿಗಳೂ ಖಾಡಿಗೆ ಬಂದು ಸೇರಿದವು. ದಡದ ಕೋಳಿ ಸಮುದಾಯದ ಮೀನುಗಾರಿಕೆ ಸೊರಗಿತು.

ಇಂದು ಈ ಖಾಡಿ ಪ್ರಸಿದ್ಧವಾಗಿರುವುದು ರಾಜಹಂಸಗಳಿಂದ. 1990ರ ದಶಕದಿಂದ ಚಳಿಗಾಲದಲ್ಲಿ ಅವು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದವು. 2015ರಲ್ಲಿ ಸುಮಾರು 17 ಚದರ ಕಿಲೋಮೀಟರು ಜಾಗ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಖಾಡಿ ರಾಮ್ಸರ್ ಪಟ್ಟಿಗೆ ಸೇರಿತು. ಐರೋಳಿಯಿಂದ ದೋಣಿಯಲ್ಲಿ ಹೋದವರಿಗೆ ಕಾಣುವ ಗುಲಾಬಿ ಸಾಲು ನಿಜಕ್ಕೂ ಚೆಲುವು, ಅದರಿಂದ ಕಾಂಡ್ಲಾವನಕ್ಕೆ ಸಿಕ್ಕ ರಕ್ಷಣೆಯೂ ನಿಜ. ಆದರೆ ಸಣ್ಣ ರಾಜಹಂಸದ ಮುಖ್ಯ ಆಹಾರ ನೀಲಿಹಸಿರು ಪಾಚಿ, ಆ ಪಾಚಿ ಸೊಕ್ಕಿ ಬೆಳೆಯಲು ಚರಂಡಿ ನೀರಿನ ಸಾರಜನಕ, ರಂಜಕಗಳೇ ಗೊಬ್ಬರ. ಹಕ್ಕಿಗಳ ಸಂಖ್ಯೆಯನ್ನೇ ಖಾಡಿಯ ಆರೋಗ್ಯದ ಅಳತೆಗೋಲು ಮಾಡಿಕೊಂಡರೆ, ಅಗತ್ತಿಯಲ್ಲಿ ಆಮೆಗಳನ್ನು ಎಣಿಸಿ ಲಗೂನ್ ಚೆನ್ನಾಗಿದೆ ಎಂದುಕೊಂಡ ಹಾಗೆಯೇ. ಒಂದು ಪ್ರಾಣಿ ಹೆಚ್ಚಿದೆ ಎಂಬ ಸುದ್ದಿಯ ಅರ್ಥ, ಅದರ ಕೆಳಗಿನವರು ಮತ್ತು ಮೇಲಿನವರು ಯಾರು ಎಂದು ಕೇಳಿದಾಗಲೇ ತಿಳಿಯುವುದು.

ಕೆಲಸ ಉಳಿಯಬೇಕು

ಇದರಿಂದ ಆಮೆಗಳ ರಕ್ಷಣೆ ತಪ್ಪಾಯಿತು ಎಂಬ ತೀರ್ಮಾನಕ್ಕೆ ಬರುವುದು ಸುಲಭ, ಆದರೆ ಸರಿಯಲ್ಲ. ಹಸಿರು ಆಮೆ ಇಲ್ಲದ ಕಡಲಹುಲ್ಲೂ ಆರೋಗ್ಯವಂತವಲ್ಲ. ಮಿತವಾದ ಮೇವು ಹುಲ್ಲನ್ನು ಎಳೆಯದಾಗಿ ಇಡುತ್ತದೆ. ಆಮೆಯನ್ನು ಮತ್ತೆ ಹಿಡಿಯಲು ಬಿಟ್ಟರೆ ಶಾರ್ಕಿನ ಕೆಲಸ ಮನುಷ್ಯ ಮಾಡಿದಂತೆಯೂ ಆಗುವುದಿಲ್ಲ. ಶಾರ್ಕ್ ದಿನರಾತ್ರಿ ಲಗೂನಿನ ಅಂಚಿನಲ್ಲಿ ತಿರುಗುತ್ತ, ಹೆಚ್ಚಿನ ಸಲ ಏನನ್ನೂ ಕೊಲ್ಲದೆ, ಮೇಯುವವರನ್ನು ಒಂದು ಕಡೆ ನಿಲ್ಲದಂತೆ ನೋಡಿಕೊಳ್ಳುತ್ತದೆ. ಆ ಕೆಲಸಕ್ಕೆ ಬೇರೆ ಗುತ್ತಿಗೆದಾರ ಇಲ್ಲ.

ಲಕ್ಷದ್ವೀಪದ ಬಳಿ ಇನ್ನೂ ಒಂದು ಆಸ್ತಿ ಉಳಿದಿದೆ. ಅಲ್ಲಿನ ಮುಖ್ಯ ಮೀನುಗಾರಿಕೆ ಗಾಳದ ಕೋಲಿನಿಂದ ಒಂದೊಂದಾಗಿ ಟ್ಯೂನಾ ಹಿಡಿಯುವ ಮಿನಿಕಾಯ್ ಮೂಲದ ಪದ್ಧತಿ. ಅದು ಶಾರ್ಕನ್ನೂ ಆಮೆಯನ್ನೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದರೆ ಟ್ಯೂನಾವನ್ನು ದೋಣಿಯ ಹತ್ತಿರಕ್ಕೆ ಸೆಳೆಯಲು ಎರಚುವ ಸಣ್ಣ ಜೀವಂತ ಮೀನುಗಳನ್ನು ಹಿಡಿಯುವುದು ಲಗೂನಿನಲ್ಲೇ. ಆದ್ದರಿಂದ ಲಗೂನಿನ ಸ್ಥಿತಿಗೂ ಮೀನುಗಾರನ ಅನ್ನಕ್ಕೂ ನಡುವೆ ಹೆಚ್ಚು ದೂರವಿಲ್ಲ. ಆಮೆ ಬಂದು ಮೀನು ಹೋಯಿತು ಎಂದು ಅಗತ್ತಿಯವರು ದೂರಿದಾಗ, ಮೆಟ್ಟಿಲಿನ ಕೆಳತುದಿಯಲ್ಲಿ ನಿಂತು ತಮಗೆ ಕಂಡದ್ದನ್ನು ಅವರು ಹೇಳಿದ್ದರು. ಮೇಲಿನ ಮೆಟ್ಟಿಲು ಅದಾಗಲೇ ಖಾಲಿಯಾಗಿತ್ತು.

ಸಂರಕ್ಷಣೆಯ ಪಟ್ಟಿಗಳನ್ನು ಜಾತಿಗಳ ಹೆಸರಿನಲ್ಲಿ ಬರೆಯುತ್ತಾರೆ, ಹಾಗೆ ಬರೆಯದೆ ಕಾನೂನು ಮಾಡಲಾಗದು. ಕಡಲು ಮಾತ್ರ ನಡೆಯುವುದು ಯಾರು ಯಾರನ್ನು ತಿನ್ನುತ್ತಾರೆ, ಯಾರು ಯಾರಿಗೆ ಹೆದರುತ್ತಾರೆ ಎಂಬುದರ ಮೇಲೆ. ಪಟ್ಟಿಯಲ್ಲಿ ಹೆಸರು ಉಳಿದು ನೀರಿನಲ್ಲಿ ಕೆಲಸ ನಿಂತರೆ ಏನಾಗುತ್ತದೆ ಎಂಬುದನ್ನು, ಒಂದು ಕಾಲದಲ್ಲಿ ಮಂಗಳೂರಿನ ಕಲೆಕ್ಟರು ಆಳಿದ ದ್ವೀಪವೊಂದರ ಬರಿಮರಳಿನ ಲಗೂನ್ ತೋರಿಸಿಕೊಟ್ಟಿದೆ. ಕಾಸರಗೋಡಿನಿಂದ ಠಾಣೆಯವರೆಗೆ ಈ ಕಡಲ ದಡದಲ್ಲಿ ಬಾಳುವ ಕನ್ನಡಿಗರಿಗೆ ಅದು ದೂರದ ಸುದ್ದಿಯಲ್ಲ.